ಮುಂಡಪ್ಪ ಶೇರಿಗಾರರ ನಾಗಸ್ವರ ಮತ್ತು ಎಡಗಣ್ಣು

ಮುಂಬಯಿ ಕಡೆಯ ಡೊಂಬಿವಲಿಯಿಂದ ಐರೋಲಿಯವರೆಗೆ ಊರಿನವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಹಾಲ್ ಹುಡುಕುವ ಮೊದಲೇ ಮುಂಡಪ್ಪ ಶೇರಿಗಾರರಿಗೆ ಫೋನು ಹೋಗುತ್ತಿತ್ತು. ಕಾರ್ಕಳದ ಕಡೆಯವರು. ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದರೂ ಯಾರಾದರೂ ಹಾಗೆಂದು ಪರಿಚಯಿಸಿದರೆ ಮುಖ ಸಿಂಡರಿಸುತ್ತಿದ್ದರು. ಅಪ್ಪ, ಅಜ್ಜ ದೇವಸ್ಥಾನದಲ್ಲಿ ನಾಗಸ್ವರ ಊದಿದವರು. ಕಾರ್ಖಾನೆ ಹೊಟ್ಟೆಪಾಡು, ಅಷ್ಟೇ. ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ವಾದ್ಯವನ್ನು ತಲೆಯ ಮೇಲೆ ಎತ್ತಿ ಹಿಡಿದು, ತಳ್ಳಿದವರ ಜತೆ ಜಗಳವಾಡುತ್ತಲೇ ಅವರು ಮದುವೆಮನೆಗಳನ್ನು ಮುಟ್ಟುತ್ತಿದ್ದರು.

ಬಲಬದಿ ಸರಿಯಾಗಿ ಕಾಣದೆ ಭುಜ ಬಾಗಿಲಿಗೆ ಬಡಿಯತೊಡಗಿದ ಮೇಲೆ ಕಣ್ಣು ತೋರಿಸಿದಾಗ ಗ್ಲಾಕೋಮಾ ಎಂದು ತಿಳಿಯಿತು. ಕಣ್ಣಿನೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರಿ ನರ ಸಾಯುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಥಾಣೆಯ ಡಾಕ್ಟರ್ ಪೂಜಿತಾ ಬಿಡಿಸಿ ಹೇಳಿದರು. ಬಲಗಣ್ಣು ಮುಕ್ಕಾಲು ಹೋಗಿತ್ತು. ಎಡಗಣ್ಣಿಗೆ ಕೊಟ್ಟ ಹನಿಮದ್ದನ್ನು ಮುಂಡಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಹೋದಾಗಲೆಲ್ಲ ಒತ್ತಡ ಸರಿಯಾಗಿಯೇ ಇರುತ್ತಿತ್ತು, ನೋಟ ಮಾತ್ರ ಕಿರಿದಾಗುತ್ತಲೇ ಹೋಯಿತು.

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. “ಮನೆಯಲ್ಲಿ ದಿನಾ ಏನು ಮಾಡ್ತೀರಿ?” ಎಂದು ಕೇಳಿದರು.

ಉತ್ತರ ಕೊಟ್ಟವರು ಹೆಂಡತಿ ಪುಷ್ಪಾವತಿ. “ಬೆಳಿಗ್ಗೆ ಎದ್ದು ಊದುವುದು ಡಾಕ್ಟ್ರೇ. ಇಲ್ಲಿಗೆ ಬರುವ ಮುಂಚಿನ ದಿವಸ ಮಾತ್ರ ನಾಗಸ್ವರ ಮುಟ್ಲಿಕ್ಕಿಲ್ಲ. ಒಪ್ಪತ್ತು ಊಟ, ತಲೆಗೆ ಸ್ನಾನ.”

ದೊಡ್ಡ ಸೇವೆಯ ಮುನ್ನಾದಿನ ವಾದ್ಯಕ್ಕೆ ವಿಶ್ರಾಂತಿ ಕೊಟ್ಟು ತಾವೂ ಶುದ್ಧವಾಗುವುದು ಶೇರಿಗಾರರ ಮನೆಯ ರೂಢಿ. ಕಣ್ಣಿನ ಪರೀಕ್ಷೆಯನ್ನೂ ಮುಂಡಪ್ಪ ಅದೇ ಭಕ್ತಿಯಿಂದ ಮಾಡಿಸಿಕೊಳ್ಳುತ್ತಿದ್ದರು. ಎಂಥ ಭಕ್ತಿ ನೋಡಿ, ರೋಗಕ್ಕೆ ಅಡಗಿಕೊಳ್ಳಲು ಜಾಗ ಮಾಡಿಕೊಟ್ಟಿತ್ತು.

ಮುಂದಿನ ಸಲ ಡಾಕ್ಟರು ವಾದ್ಯ ತರಿಸಿ ಅಲ್ಲೇ ಊದಿಸಿದರು. ಹೊರಗೆ ಸರದಿಯಲ್ಲಿ ಕೂತಿದ್ದವರು ಬೆಚ್ಚಿಬಿದ್ದು ಎದ್ದು ನಿಂತರು. ಊದುತ್ತಿದ್ದಂತೆಯೇ ಪುಟ್ಟ ಯಂತ್ರ ಹಿಡಿದು ಅಳೆದರೆ ಒತ್ತಡ ದುಪ್ಪಟ್ಟಿನ ಹತ್ತಿರ ಹೋಗಿತ್ತು. ದಿನಾ ಊದುವಾಗ ಏರುತ್ತಿದ್ದದ್ದು, ಊದದೆ ಬಂದ ಪರೀಕ್ಷೆಗಳಲ್ಲಿ ಕಂಡಿರಲೇ ಇಲ್ಲ.

“ಬಿಟ್ಟುಬಿಡುವುದೇ ಕ್ಷೇಮ,” ಎಂದರು ಡಾಕ್ಟರು.

“ಅದೊಂದು ಬಿಟ್ಟು ಬೇರೆ ಹೇಳಿ.”

ಬೇರೆಯೂ ಇತ್ತು. ರೆಪ್ಪೆಗೂದಲಷ್ಟು ಪುಟ್ಟ ಮೆದು ನಳಿಗೆಯೊಂದನ್ನು ಕಣ್ಣಿನಲ್ಲಿ ಕೂರಿಸಿದರೆ ಒಳಗಿನ ನೀರು ಬಿಳಿಭಾಗದ ಪೊರೆಯಡಿಗೆ ಹರಿದುಹೋಗುತ್ತದೆ. ಹಳೆಯ ಆಪರೇಷನ್ನಿನಷ್ಟು ಕೊಯ್ಯಬೇಕಾಗಿಲ್ಲ. ಆದರೆ ಹೊಸ ವಿಧಾನ, ಬಹುಕಾಲದ ಅನುಭವ ಯಾರಿಗೂ ಇಲ್ಲ. ಊದಿದರೆ ಒತ್ತಡ ಆಗಲೂ ಏರಬಹುದು. ಡಾಕ್ಟರು ಯಾವುದನ್ನೂ ಮುಚ್ಚಿಡಲಿಲ್ಲ.

“ಊದ್ಲಿಕ್ಕೆ ನನಗೆ ಕಣ್ಣು ಬೇಡ,” ಎಂದರು ಮುಂಡಪ್ಪ. “ಮದುವೆಮನೆಗೆ ನಡೆದು ಹೋಗ್ಲಿಕ್ಕೆ ಬೇಕು. ಮಾಡಿ.”

ಎಡಗಣ್ಣಿನ ಆಪರೇಷನ್ ಆಯಿತು. ಕಣ್ಣು ಮಾಯುವಷ್ಟರಲ್ಲಿ ಮಗ ರಂಜನ್, ಅಪ್ಪ ಒಪ್ಪಿಕೊಂಡಿದ್ದ ಮದುವೆಗಳಿಗೆಲ್ಲ ಫೋನು ಮಾಡಿ, ಪಪ್ಪ ಇನ್ನು ಊದುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಅವನದು ಪ್ರೀತಿಯೇ. ಆದರೆ ತನ್ನನ್ನು ಒಂದು ಮಾತೂ ಕೇಳದೆ ತೋರಿಸಿದ ಆ ಪ್ರೀತಿ ಮುಂಡಪ್ಪನವರ ಮೈ ಉರಿಸಿತು. ತಿಂಗಳುಗಟ್ಟಲೆ ಅವರ ಫೋನು ಸುಮ್ಮನೆ ಬಿದ್ದಿತ್ತು.

ಪೂರ್ತಿ ಮಾಯ್ದ ಮೇಲೆ ಡಾಕ್ಟರು ಮತ್ತೆ ಊದಿಸಿ ಅಳೆದರು. ಒತ್ತಡ ಏರಿತು, ಆದರೆ ಮೊದಲಿಗಿಂತ ಬಹಳ ಕಡಿಮೆ. ನಿಲ್ಲಿಸಿದೊಡನೆ ಇಳಿಯಿತು.

“ಊದಿ ಅಂತ ನಾನು ಹೇಳಲಾರೆ,” ಎಂದರು ಡಾಕ್ಟರು. “ಊದಿಯೇ ಊದ್ತೀರಿ ಅಂತ ಗೊತ್ತು. ಉಸಿರು ಕಟ್ಟಬೇಡಿ. ನಡುನಡುವೆ ಬಾಯಿಂದ ತೆಗೀರಿ.”

ಐರೋಲಿಯಲ್ಲಿ ನೆಂಟರ ಹುಡುಗಿಯ ಮದುವೆ. ಇಡೀ ಸಂಸಾರಕ್ಕೆ ಕರೆಯಿತ್ತು, ಊಟಕ್ಕೆ. ಮುಂಡಪ್ಪ ನಾಗಸ್ವರ ಹೊತ್ತೇ ಹೋದರು. ಮಂಟಪದ ಪಕ್ಕದ ಸ್ಪೀಕರಿನಲ್ಲಿ ಯಾರದೋ ರೆಕಾರ್ಡು ಮಾಡಿದ ನಾಗಸ್ವರ ಅರಚುತ್ತಿತ್ತು. ಧಾರೆಯ ಹೊತ್ತಾಗುತ್ತಿದ್ದಂತೆ ಅವರು ನೇರ ಹೋಗಿ ಅದರ ವೈರು ಕಿತ್ತರು.

ರಂಜನ್ ಓಡಿಬಂದು ತೋಳು ಹಿಡಿದ. “ಪಪ್ಪ, ಪ್ಲೀಸ್. ಸಬ್ ದೇಖ್ ರಹೇ ಹೈಂ, ಎಲ್ಲ ನೋಡ್ತಿದ್ದಾರೆ. ಈ ಕಣ್ಣೂ ಹೋದ್ರೆ?”

“ಹೋದ್ರೆ ನನ್ನದು ಹೋಗ್ತದೆ. ನಾನು ಕಣ್ಣು ಬಿಟ್ಟು ಕೂತಿರುವಾಗ ನಮ್ಮವರ ಮಗಳ ಧಾರೆ ಈ ಡಬ್ಬದ ಎದುರು ಆಗ್ಲಿಕ್ಕಿಲ್ಲ. ಕೈ ಬಿಡು.”

ಮಗ ಕೈ ಬಿಟ್ಟ. ಮುಂಡಪ್ಪ ಮಂಟಪದ ಎದುರು ನಿಂತು ಊದಿದರು. ಮೊದಲು ತುಸು ನಡುಗಿದ ಸ್ವರ ಆಮೇಲೆ ನೆಟ್ಟಗಾಯಿತು. ಭಟ್ಟರು ಧಾರೆಗೆ ಸನ್ನೆ ಮಾಡಿ ಕೈ ಎತ್ತಿದರು. ನೀರಿನ ಗಿಂಡಿ ಹಿಡಿದ ಹುಡುಗಿಯ ಅಪ್ಪ ಇನ್ನೇನು ಬಗ್ಗಿಸಬೇಕು, ಅಷ್ಟರಲ್ಲಿ ಮುಂಡಪ್ಪ ವಾದ್ಯವನ್ನು ಬಾಯಿಂದ ತೆಗೆದರು. ಹಾಲ್ ಇಡೀ ಅವರ ಕಡೆ ತಿರುಗಿತು.

“ನಿಲ್ಲಿ,” ಎಂದರು ಅವರು ಭಟ್ಟರಿಗೆ. “ಉಸಿರು ತಕ್ಕೊಳ್ತೇನೆ.”

ಭಟ್ಟರು ಗಡಿಯಾರ ನೋಡಿದರು, ಮುಂಡಪ್ಪನವರ ಮುಖ ನೋಡಿದರು, ಮಂತ್ರ ನಿಲ್ಲಿಸಿದರು. ಹುಡುಗಿಯ ಅಪ್ಪ ಗಿಂಡಿ ಹಿಡಿದಂತೆಯೇ ಕಾದರು.