ಒತ್ತಿಲ್ಲದ ಸಹಿ

ಮೊನ್ನೆ ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಹೊಸಪೇಟೆಯ ಬಜಾರಿಗೆ ಹೋಗಿದ್ದೆ. ಅಂಗಡಿಯವನು ಒಳಗೆ ಹುಡುಕುತ್ತಿದ್ದಾಗ, ಬಾಗಿಲಲ್ಲಿ ತೂಗುಹಾಕಿದ್ದ ಕರಿ ಗಂಬೂಟುಗಳು ಗಾಳಿಗೆ ತಿರುಗಿ ನನ್ನ ಭುಜಕ್ಕೆ ತಾಗಿದವು. ಹೊಸ ರಬ್ಬರಿನ ಆ ಘಾಟು ವಾಸನೆ! ಬೇರೆಯವರಿಗೆ ಅದರಿಂದ ತಲೆನೋವು ಬರಬಹುದು, ನನಗೆ ನಗು ಬಂತು. "ಬೂಟು ಬೇಕೇನ್ರಿ ಅಮ್ಮಾರ?" ಎಂದ ಅಂಗಡಿಯವನು. ಮೊಣಕಾಲು ನೋವಿನ ನಿವೃತ್ತ ಟೀಚರಿಗೆ ಗಂಬೂಟು! ಬೇಡಪ್ಪ ಎಂದು ಗ್ಯಾಸ್ಕೆಟ್ ತೆಗೆದುಕೊಂಡು ಹೊರಟೆ. ಆದರೆ ವಾಸನೆ ನನ್ನ ಹಿಂದೆಯೇ ಬಂತು, ಅದರ ಜೊತೆಗೆ ಅಕ್ಕನೂ...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಚಿತ್ತವಾಡ್ಗಿಯ ನಮ್ಮ ಓಣಿ ಗುಡಿಸಿ, ಚರಂಡಿ ಬಳಿಯುತ್ತಿದ್ದವಳು. ಓಣಿಗೆಲ್ಲ ಅವಳು ಅಕ್ಕ, ನನಗೂ ಹಾಗೆಯೇ. ಎತ್ತರದ ಆಳು, ಹಣೆಯ ಮೇಲೆ ಕಾಸಗಲ ಕುಂಕುಮ. ಪೊರಕೆ ಹಿಡಿದು ಬಂದಳೆಂದರೆ ಮೊದಲು ಅವಳ ಬಾಯಿ ಕೇಳಿಸಬೇಕು, ಆಮೇಲೆ ಪೊರಕೆ. "ಲೇ, ಬಾಳೆಹಣ್ಣಿನ ಸಿಪ್ಪಿ ತಿನ್ನೋದು ಬಿಟ್ಟು ಬಾಗಿಲಿಗೆ ಯಾಕ ಒಗೀತೀರಿ?" ಎಂದು ದೊಡ್ಡ ಮನೆಯವರನ್ನೂ ಬಿಡುತ್ತಿರಲಿಲ್ಲ.

ಹಳ್ಳಿಹಳ್ಳಿಯಲ್ಲಿ ಸಾಕ್ಷರತೆಯ ಹಾಡು ಕೇಳಿಬರುತ್ತಿದ್ದ ಕಾಲದಲ್ಲಿ ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಮಧ್ಯಾಹ್ನ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅವಳೂ ಬಂದಳು. ಮೊದಲ ದಿನ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಮೇಲೆ ಬಾ ಎನ್ನಲು ನನಗೆ ಎರಡು ವಾರ ಬೇಕಾಯಿತು. ಅತ್ತೆಯ ಕಣ್ಣಿಗೆ ಹೆದರಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ, ಆದರೆ ಹೆದರಿಕೆ ನನ್ನೊಳಗೇ ಇತ್ತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವಳಿಗೆ ಬೇಕಾಗಿದ್ದುದು ಒಂದೇ, ತನ್ನ ಹೆಸರು ಬರೆಯುವುದು. "ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳು ಸವದೈತ್ರಿ ಟೀಚರ. ಕಥಿ ಪುಸ್ತಕ ಬ್ಯಾಡ, ಲೆಕ್ಕ ಬ್ಯಾಡ, ನನ್ನ ಹೆಸರು ಒಂದು ಕಲಿಸ್ರಿ ಸಾಕು." ಕಲಿತಳು. ಆದರೆ ನಮ್ಮ ಕಡೆಯ ಎಷ್ಟೋ ಹೆಂಗಸರಂತೆ ಅವಳ ಹೆಸರಿನ ಕೊನೆಗೂ 'ಅಮ್ಮ' ಇತ್ತು. ಆ 'ಮ'ದ ಕೆಳಗಿನ ಒತ್ತು ಅವಳ ಕೈಗೆ ಒಲಿಯಲೇ ಇಲ್ಲ. 'ಅಮ್ಮ' ಹೋಗಿ ಪ್ರತಿ ಸಲವೂ 'ಅಮ' ಆಗುತ್ತಿತ್ತು. ನಾನೋ ಮದುವೆ ಪತ್ರಿಕೆಯಲ್ಲೂ ಕಾಗುಣಿತ ತಿದ್ದುವ ಪ್ರಾಣಿ. ಅವಳ ನೋಟುಬುಕ್ಕಿನ ಪ್ರತಿ ಪುಟದಲ್ಲೂ ಒತ್ತು ಬಿಟ್ಟ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ ತಾರೀಖು ಬರೆಯುತ್ತಿದ್ದೆ. "ಬಾಲ ಇಲ್ಲದಿದ್ರ ಮಂಗ್ಯಾ ಮನುಷ್ಯಾ ಆಗ್ತಾನಂತ, ನಂದೂ ಹಂಗ ಅನ್ಕೊಳ್ರಿ," ಎಂದು ನಗುತ್ತಿದ್ದಳು. ಒತ್ತಕ್ಷರಕ್ಕೆ ಅವಳು ಇಟ್ಟ ಹೆಸರು ಬಾಲ.

ಆಮೇಲೆ ಅದಿರಿನ ಕಾಲ ಬಂತು. ಸಂಡೂರು ಕಡೆಯಿಂದ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ರಸ್ತೆ, ಮರ, ಒಣಹಾಕಿದ ಪಂಚೆ, ಎಮ್ಮೆಯ ಬೆನ್ನು, ಎಲ್ಲವೂ ಕೆಂಪು. ಊರಲ್ಲಿ ಹೊಸ ಕಾರು, ಹೊಸ ಲಾಡ್ಜು. ಓಣಿ ಗುಡಿಸುವ ಕೆಲಸವೂ ಕಂತ್ರಾಟಿಗೆ ಹೋಯಿತು. ಗುಡಿಸುವವರು ಮಾತ್ರ ಹಳಬರೇ, ಬರಿಗಾಲೂ ಹಳೆಯದೇ. ಮಳೆ ಬಂದರೆ ಧೂಳೆಲ್ಲ ಚರಂಡಿಗೆ ಇಳಿದು ಅಂಬಲಿಯಂತೆ ಗಟ್ಟಿಯಾಗುತ್ತಿತ್ತು. ಅದರೊಳಗೆ ಗಾಜೋ ಮೊಳೆಯೋ ಏನಿದೆ ಎಂದು ಕಾಲಿಟ್ಟ ಮೇಲೇ ಗೊತ್ತಾಗುತ್ತಿದ್ದುದು. ಅಕ್ಕನ ಎಡಗಾಲಿಗೆ ಬಾಟಲಿ ಚೂರು ನೆಟ್ಟು, ಕೀವಾಗಿ, ಎರಡು ತಿಂಗಳು ಕುಂಟಿದಳು. ಕುಂಟುತ್ತಲೇ ಗುಡಿಸಿದಳು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ಓಣಿಯ ಮೂಲೆಯಲ್ಲಿ ಜೀಪು ನಿಂತಿತ್ತು. ಹೊಸದಾಗಿ ಬಂದ ಅಧಿಕಾರಿ, ಮೈಸೂರು ಕಡೆಯವರು, ಚರಂಡಿಯಲ್ಲಿ ನಿಂತಿದ್ದ ಅಕ್ಕನ, ಉಳಿದ ಹೆಂಗಸರ ಬರಿಗಾಲು ನೋಡಿ ಸಿಡಿದರು. "ಏನಮ್ಮಾ, ಸರ್ಕಾರದ ದುಡ್ಡಲ್ಲಿ ಬೂಟು ಕೊಟ್ಟಿದೀವಲ್ಲ, ಹಾಕ್ಕೊಳ್ಳೋಕೆ ಏನು ದಾಡಿ? ಮಾರ್ಕೊಂಡ್ರಾ?" ಕಂತ್ರಾಟುದಾರನ ಮೇಸ್ತ್ರಿ ಪಕ್ಕದಲ್ಲೇ ನಿಂತು ಕೋಲೆಬಸವನಂತೆ ತಲೆಯಾಡಿಸಿದ. ಓಣಿ ನಕ್ಕಿತು. ನಾನು ನಗಲಿಲ್ಲ, ಆದರೆ ಮಾರಿಕೊಂಡಿದ್ದರೂ ಇರಬಹುದು ಎಂದುಕೊಂಡೆ.

ಮರುದಿನದಿಂದ ಅಕ್ಕನ ಹೆಸರು 'ಬೂಟಕ್ಕ' ಆಯಿತು. "ಬೂಟಕ್ಕಾ, ನಮಗೂ ಒಂದು ಜೋಡಿ ಕೊಡಲ್ಲೇನು?" ಎಂದು ಚಹಾದಂಗಡಿಯ ಪಡ್ಡೆಗಳು ಕೂಗುತ್ತಿದ್ದವು. ಯಾರಿಗೂ ಬಗ್ಗದ ಅವಳ ಬಾಯಿ ಆ ವಾರ ಮುಚ್ಚಿಬಿಟ್ಟಿತು. ಪೊರಕೆಯ ಸದ್ದಷ್ಟೇ ಬಂದು ಹೋಗುತ್ತಿತ್ತು. ಭಾನುವಾರ ಕಟ್ಟೆಗೆ ಬಂದು ಕೂತು ಹೇಳಿದಳು.

"ಮಂಗ ಮೊಸರನ್ನ ತಿಂದು ಮ್ಯಾಕಿ ಬಾಯಿಗೆ ಒರೆಸಿದಂಗಾತಲ್ರಿ ಟೀಚರ. ಬೂಟು ಕಣ್ಣಿಲೆ ನೋಡಿಲ್ಲ ನಾನು. ಕಾಲು ಹೋದ್ರ ಹೋಗ್ಲಿ, ಕಳ್ಳಿ ಅನಿಸ್ಕೊಂಡು ಈ ಓಣ್ಯಾಗ ಹೆಂಗ ಕಸ ಹೊಡೀಲಿ?"

ಮಾಹಿತಿ ಹಕ್ಕಿನ ಕಾಯ್ದೆ ಆಗ ಹೊಸದು. ನಮ್ಮ ಶಾಲೆಯ ಮೇಷ್ಟರೊಬ್ಬರು ಅದರ ಹುಚ್ಚು ಹಿಡಿಸಿಕೊಂಡಿದ್ದರು. ಅವರನ್ನು ಕೇಳಿ ನಾನೇ ಅರ್ಜಿ ಬರೆದೆ. ಪೌರ ಕಾರ್ಮಿಕರಿಗೆ ಬೂಟು, ಕೈಗವಸು ಯಾವಾಗ ಕೊಟ್ಟಿರಿ, ಯಾರಿಗೆ ಕೊಟ್ಟಿರಿ, ಅವರು ಪಡೆದುಕೊಂಡ ಸಹಿಯ ನಕಲು ಕೊಡಿ ಎಂದು. ಅಕ್ಕ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದಳು. "ಒತ್ತು?" ಎಂದೆ, ಅಭ್ಯಾಸಬಲದಿಂದ. "ಬರಂಗಿಲ್ರಿ ಬಿಡ್ರಿ," ಎಂದಳು.

ತಿಂಗಳು ಕಳೆದು ಒಂದು ನೆನಪೋಲೆ ಬರೆದ ಮೇಲೆ ಲಕೋಟೆ ಬಂತು. ಕಟ್ಟೆಯ ಮೇಲೆ ಒಡೆದೆವು. ಬೂಟು ವಿತರಣೆಯ ಪುಸ್ತಕದ ನಕಲು. ಎಲ್ಲರ ಹೆಸರಿನ ಮುಂದೆಯೂ ಸಹಿ ಅಥವಾ ಹೆಬ್ಬೆಟ್ಟು. ಅಕ್ಕನ ಹೆಸರಿನ ಮುಂದೆ ಚೊಕ್ಕ, ದುಂಡನೆಯ ಸಹಿ.

"ಸಹಿ ಮಾಡೀಯಲ್ಲ ಅಕ್ಕಾ..." ಎಂದೆ. ನನ್ನ ದನಿಯಲ್ಲಿದ್ದುದು ಅನುಮಾನವೇ. ಅದು ಅವಳಿಗೂ ತಿಳಿಯಿತು.

ಅವಳು ಹಾಳೆ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತ ಹೋದಳು. ಕೊನೆಯ ಅಕ್ಷರಕ್ಕೆ ಬಂದು ನಿಂತಳು. ಆಮೇಲೆ ಅವಳ ಮುಖದಲ್ಲಿ ಬಂದ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

"ಟೀಚರ, ಇದು ನಂದಲ್ಲ. ಇದಕ್ಕ ಬಾಲ ಐತಿ."

ಹೌದು, ಒತ್ತಿತ್ತು. 'ಅಮ್ಮ' ಎಂದು ಸ್ವಚ್ಛವಾಗಿ ಬರೆದಿತ್ತು. ವರ್ಷಗಟ್ಟಲೆ ಆ ಒತ್ತಿಗಾಗಿ ಬೈದವಳು ನಾನು, ಅದು ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಸರಿ ಇದ್ದುದನ್ನು ಟೀಚರು ಎಲ್ಲಿ ನೋಡುತ್ತಾರೆ? ಅವಳ ಕೈ ಹಿಡಿದು "ತಪ್ಪಾಯ್ತು ಅಕ್ಕಾ" ಎಂದೆ. "ಯಾವ್ದಕ್ರಿ, ಒತ್ತಿಗೋ?" ಎಂದು ಕಿಚಾಯಿಸಿದಳು. ಬಾಯಿ ಮರಳಿ ಬಂದಿತ್ತು.

ಜನರ ಅಹವಾಲು ಕೇಳುವ ದಿನ ಇಬ್ಬರೂ ಅಧಿಕಾರಿಯ ಕೋಣೆಗೆ ಹೋದೆವು. ನಾನು ರಜೆ ಹಾಕಿದ್ದೆ. ಅವಳು ಹಬ್ಬದ ಹಸಿರು ಸೀರೆ ಉಟ್ಟಿದ್ದಳು. ಮೇಸ್ತ್ರಿಯೂ ಬಂದಿದ್ದ. ಅಧಿಕಾರಿ ಅವಳಿಂದ ಬಿಳಿ ಹಾಳೆಯಲ್ಲಿ ಮೂರು ಸಲ ಹೆಸರು ಬರೆಸಿದರು. ಮೂರರಲ್ಲೂ ಒತ್ತಿಲ್ಲ. ಅವರು ಕನ್ನಡಕ ಏರಿಸಿ, "ಇವತ್ತು ಬೇಕೂಂತಲೇ ಬಿಟ್ಟು ಬರೀತಿರಬಹುದಲ್ಲಮ್ಮಾ?" ಎಂದರು. ನ್ಯಾಯವಾದ ಪ್ರಶ್ನೆಯೇ.

ಅಕ್ಕ ಕಂಕುಳಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಅದೇ ನೋಟುಬುಕ್ಕು! ಇಷ್ಟು ವರ್ಷ ಕಾಪಾಡಿಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಪುಟ ಪುಟದಲ್ಲೂ ಒತ್ತಿಲ್ಲದ ಅವಳ ಹೆಸರು, ಅದರ ಸುತ್ತ ನನ್ನ ಕೆಂಪು ಸುತ್ತು, ಕೆಳಗೆ ನನ್ನ ಕೈಬರಹದ ತಾರೀಖು. "ನೋಡ್ರಿ ಸಾಹೇಬ್ರ, ಈ ಟೀಚರ ಆವಾಗಿಂದ ಬೈದು ಬೈದು ಸಾಕಾಗ್ಯಾರ. ನನಗ ಬರ್ತಿದ್ರ ಇಷ್ಟು ಬೈಸ್ಕೊಂತಿದ್ದೆ ಏನು?"

ಅಧಿಕಾರಿ ಪುಟ ತಿರುವುತ್ತ ಹೋದರು, ನಗು ತಡೆಯಲಾರದೆ ನಕ್ಕರು. ಆಮೇಲೆ ವಿತರಣಾ ಪುಸ್ತಕ ತರಿಸಿ ನೋಡಿದರು, ನಗು ನಿಂತಿತು. "ಈ ಸಹಿಗಳೆಲ್ಲ ಒಂದೇ ಕೈಯವು," ಎಂದರು. "ನಾನು ಬರದಿಲ್ರಿ ಸಾರ್," ಎಂದ ಮೇಸ್ತ್ರಿ. ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಅವತ್ತು ಕಣ್ಣಾರೆ ಕಂಡೆ.

ಕಂತ್ರಾಟುದಾರನಿಗೆ ನೋಟಿಸು ಹೋಯಿತಂತೆ. ಮರುವರ್ಷ ಅವನ ಭಾವಮೈದುನನ ಹೆಸರಿನಲ್ಲಿ ಅದೇ ಕೆಲಸ ಮತ್ತೆ ಅವರ ಮನೆಗೇ ಬಂತು. ಇದನ್ನು ಮುಚ್ಚಿಟ್ಟರೆ ಕಥೆ ಚೆನ್ನಾಗಿರುತ್ತದೆ, ಆದರೆ ನಡೆದದ್ದು ಹಾಗೆ. ಬೂಟುಗಳು ಮಾತ್ರ ಬಂದವು, ಹಬ್ಬದ ಹಿಂದಿನ ವಾರ. ಕೊಡಲು ಅಧಿಕಾರಿಯೇ ನಮ್ಮ ಓಣಿಯ ಮೂಲೆಗೆ ಬಂದರು. ಅಕ್ಕ ಮುಂದೆ ಹೋದಳು, ಆದರೆ ಕೈಚಾಚಲಿಲ್ಲ. "ಸಾಹೇಬ್ರ, ಅವತ್ತು ಇದೇ ಜಾಗದಾಗ ಒಂದು ಮಾತು ಅಂದಿದ್ರಿ. ಅದನ್ನ ಇಲ್ಲೇ ವಾಪಸ್ ತಗೋರಿ. ಆಮ್ಯಾಲ ಬೂಟು." ಚಹಾದಂಗಡಿಯ ಪಡ್ಡೆಗಳೂ ಎದ್ದು ಹತ್ತಿರ ಬಂದವು. ಆ ಮನುಷ್ಯ ದೊಡ್ಡವರು. "ನೀವು ಯಾರೂ ಮಾರ್ಕೊಂಡಿಲ್ಲಮ್ಮ. ನಾನು ವಿಚಾರಿಸದೆ ಅಂದೆ, ತಪ್ಪು ನನ್ನದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಪುಸ್ತಕ ಮುಂದೆ ಬಂತು. ಅಕ್ಕ ಪೆನ್ನು ಹಿಡಿದಾಗ ನನ್ನ ಚಟ ಬಿಡಬೇಕಲ್ಲ, ಕಿವಿಯಲ್ಲಿ "ಇವತ್ತಾದರೂ ಒತ್ತು ಹಾಕು" ಎಂದೆ.

"ಬ್ಯಾಡ್ರಿ ಟೀಚರ. ಬಾಲ ಹಚ್ಚಿದ್ರ ಅದು ಕಂತ್ರಾಟುದಾರನ ಸಹಿ ಆಗ್ತೈತಿ."

ಬೂಟುಗಳೆಲ್ಲ ಗಂಡಸರ ಅಳತೆಯವು. ಹೆಂಗಸರು ಒಳಗೆ ಹಳೆ ಸೀರೆಯ ತುಂಡು ತುರುಕಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ, ದಬದಬ ಓಣಿ ತುಂಬ ಓಡಾಡಿದರು. ಹೊಸ ರಬ್ಬರಿನ ವಾಸನೆ ನಮ್ಮ ಅಡಿಗೆಮನೆಯವರೆಗೂ ಬಂದಿತ್ತು. 'ಬೂಟಕ್ಕ' ಎಂಬ ಹೆಸರು ಹೋಗಲಿಲ್ಲ. ಆದರೆ ಅಲ್ಲಿಂದಾಚೆಗೆ ಹಾಗೆ ಕರೆದರೆ ಅವಳು ನಿಂತು, ಕಾಲು ಮುಂದೆ ಚಾಚಿ ತೋರಿಸುತ್ತಿದ್ದಳು. ನಾನು ಆಮೇಲೆ ಮಕ್ಕಳ ನೋಟುಬುಕ್ಕಿಗೆ ಕೆಂಪು ಸುತ್ತು ಹಾಕುವಾಗ ಸ್ವಲ್ಪ ಸಣ್ಣದಾಗಿ ಹಾಕತೊಡಗಿದೆ.

ಅವಳು ಹೋಗಿ ಕೆಲವು ವರ್ಷಗಳಾದವು. ನಾಲ್ಕು ದಿನದ ಜ್ವರ. ನಾನು ಕಂಪ್ಲಿಯಲ್ಲಿ ತಂಗಿಯ ಮನೆಯಲ್ಲಿದ್ದೆ, ಮಣ್ಣಿಗೆ ಬರಲಾಗಲಿಲ್ಲ... ಆ ಕೊರಗು ಇದ್ದೇ ಇದೆ.

ಮೊನ್ನೆ ಗ್ಯಾಸ್ಕೆಟ್ ಹಿಡಿದುಕೊಂಡು ಮನೆಗೆ ಹೋಗುವ ಬದಲು ಅವಳ ಮನೆಗೆ ಹೋದೆ. ಮಗಳೂ ಈಗ ಅದೇ ಕೆಲಸದಲ್ಲಿದ್ದಾಳೆ, ಬಾಗಿಲ ಹೊರಗೆ ಅವಳ ಅಳತೆಯದೇ ಬೂಟುಗಳಿದ್ದವು. "ಬರ್ರಿ ಟೀಚರ, ಕುಂದ್ರಿ," ಎಂದು ಚಹಾಕ್ಕಿಡಲು ಒಳಹೋದಳು. ಗೋಡೆಯ ಮೇಲೆ ಅಕ್ಕನ ಫೋಟೋ, ಅದೇ ಹಸಿರು ಸೀರೆ. ಕೆಳಗೆ ಸ್ಟುಡಿಯೋದವರು ಬಂಗಾರದ ಬಣ್ಣದಲ್ಲಿ ಅವಳ ಹೆಸರು ಬರೆದಿದ್ದರು. ಸರಿಯಾಗಿತ್ತು, ಒತ್ತು ಇತ್ತು. ಎಷ್ಟು ಹೊತ್ತು ನೋಡಿದರೂ ಯಾರದೋ ಹೆಸರು ಅನ್ನಿಸಿತು. ಹತ್ತಿರ ಹೋಗಿ, ಗಾಜಿನ ಮೇಲೆ ಹೆಬ್ಬೆರಳಿಟ್ಟು ಆ ಒತ್ತನ್ನು ಮುಚ್ಚಿದೆ. ಆಗ ಅವಳು ಸಿಕ್ಕಳು, ಕಣ್ಣು ತುಂಬಿ ಬಂತು.

ಮಗಳು ಚಹಾ ತಂದು ನಿಂತಿದ್ದಳು. "ಯಾಕ್ರಿ ಟೀಚರ, ಧೂಳು ಕುಂತೈತೇನು?"

"ಹೂಂ ಅವ್ವಾ," ಎಂದೆ. ಬೆರಳು ಮಾತ್ರ ತೆಗೆಯಲಿಲ್ಲ.