ಕನ್ನಡಿ ನೋಡಿ ತೆರೆದ ಕಣ್ಣು

ನಮ್ಮದು ನಾಗಮಂಗಲದ ಎರಕದ ಮನೆ. ಹಿತ್ತಲಲ್ಲಿ ತಗಡು ಹೊದಿಸಿದ ಮಾಡು, ಅದರಡಿ ಕುಲುಮೆ. ಅಪ್ಪ ಉತ್ಸವಮೂರ್ತಿ, ಪ್ರಭಾವಳಿ, ದೀಪದ ಕಂಬ ಎರೆದುಕೊಂಡು ಬಂದವರು. ನಾನೊಬ್ಬಳೇ ಮಗಳು. ಕೆ.ಆರ್. ಪೇಟೆ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ, ರಜೆಯಲ್ಲಿ ಅಪ್ಪನ ಪಕ್ಕ ಕೂತು ಮೇಣದ ಮೂರ್ತಿ ತಿದ್ದುತ್ತೇನೆ. ಬೆರಳು, ಉಗುರು, ಕಿವಿಯ ಹಾಲೆ ಬಿಡಿಸುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಕಣ್ಣನ್ನು ಮಾತ್ರ ನಾನು ಯಾವತ್ತೂ ಮುಟ್ಟಿದವಳಲ್ಲ. ಕಣ್ಣಿನ ಪಾಪೆಯನ್ನು ನಮ್ಮಲ್ಲಿ ಎಲ್ಲ ಮುಗಿದ ಮೇಲೆ, ಗಳಿಗೆ ನೋಡಿ, ಚಿನ್ನದ ಸೂಜಿಯಲ್ಲಿ ಗೀರುತ್ತಾರೆ. ಹಾಗೆ ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಅಂತ ನಂಬಿಕೆ. ಅದಕ್ಕೇ ಕನ್ನಡಿಯಲ್ಲಿ ನೋಡಿಕೊಂಡು ಗೀರುವುದು.

ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಅಮ್ಮನವರ ಮೂರ್ತಿ ಮಾಡಿಕೊಟ್ಟಿದ್ದರು. ಕಣ್ಣು ತೆರೆಯುವ ಹೊತ್ತಿಗೆ ಕನ್ನಡಿ ಜಾರಿತಂತೆ, ಅವರು ನೇರ ನೋಡಿಬಿಟ್ಟರಂತೆ. ಎರಡು ಮೂರು ವರ್ಷದಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. ಆಗ ನನಗೆ ಎಂಟು ವರ್ಷ. ಬಚ್ಚಲಿಗೆ, ಜಗುಲಿಗೆ, ಕಟಿಂಗ್ ಶಾಪಿಗೆ ಅವರ ಕೈ ಹಿಡಿದು ಕರೆದೊಯ್ಯುವವಳು ನಾನೇ. ಆಗಾಗ ನನ್ನ ಮುಖವನ್ನು ಬೆರಳಲ್ಲಿ ತಡವಿ ಎಷ್ಟು ಬೆಳೆದಿದ್ದೇನೆ ಅಂತ ನೋಡುತ್ತಿದ್ದರು. ಆ ಬೆರಳು ರೆಪ್ಪೆಯ ಮೇಲೆ ಬಂದಾಗ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ.

ಈಗ ಹೇಳುತ್ತಿರುವುದು ನನಗೆ ನಲವತ್ತಾರು ತುಂಬಿದ ಮೇಲಿನ ಮಾತು. ಕನ್ನಡಕದ ನಂಬರು ಬದಲಾಯಿಸಬೇಕು ಅಂತ ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೆ ಒತ್ತಡ ಜಾಸ್ತಿ ಇದೆ, ನರ ಸವೆಯುವುದಕ್ಕೆ ಶುರುವಾಗಿದೆ, ದಿನವೂ ಡ್ರಾಪ್ಸ್ ಹಾಕಿದರೆ ತಡೆಯಬಹುದು, ಹೋದದ್ದು ಮಾತ್ರ ವಾಪಸ್ಸು ಬರುವುದಿಲ್ಲ ಎಂದರು. ಮನೆಯಲ್ಲಿ ಯಾರಿಗಾದರೂ ದೃಷ್ಟಿ ಹೋಗಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ಯಾಕೆ ಹಾಗೆ ಸುಳ್ಳು ಹೇಳಿದೆನೋ ಇವತ್ತಿಗೂ ತಿಳಿಯದು. ಸೀಸೆಯನ್ನು ಊಟದ ಡಬ್ಬಿಯ ಚೀಲದಲ್ಲಿ ಬಚ್ಚಿಟ್ಟುಕೊಂಡು ಸ್ಟಾಫ್ ರೂಮಿನಲ್ಲೇ ಹಾಕಿಕೊಳ್ಳುತ್ತಿದ್ದೆ. ಅಪ್ಪನಿಗೆ, ಅವ್ವನಿಗೆ ಹೇಳಲಿಲ್ಲ.

ಅದೇ ದಿನಗಳಲ್ಲಿ ಶ್ರೀಲಂಕಾದ ಒಬ್ಬ ಭಿಕ್ಷು ನಮ್ಮ ಮನೆಗೆ ಬಂದರು. ಮೂವತ್ತರ ಆಸುಪಾಸು. ಮೈಸೂರಿನಲ್ಲಿ ಓದುತ್ತಿದ್ದರು, ನಾಲ್ಕು ವರ್ಷದಲ್ಲಿ ಕನ್ನಡ ಕಲಿತಿದ್ದರು. ಶ್ರೀರಂಗಪಟ್ಟಣದ ಯಾರದೋ ಮನೆಯಲ್ಲಿ ಅಪ್ಪ ಎರೆದ ದೀಪ ನೋಡಿ, ವಿಚಾರಿಸಿಕೊಂಡು ಬಂದಿದ್ದರು. ಕ್ಯಾಂಡಿಯಿಂದ ಆಚೆ ಗುಡ್ಡದಲ್ಲಿ ಅವರ ಊರು. ಮಳೆಗೆ ಗುಡ್ಡ ಜರಿದು ಅಲ್ಲಿನ ಸಣ್ಣ ವಿಹಾರ ಮಣ್ಣಲ್ಲಿ ಹೂತುಹೋಗಿತ್ತು. ಈಗ ಬೇರೆ ಕಟ್ಟುತ್ತಿದ್ದರು. ಎರಡು ಅಡಿಯ ಬುದ್ಧ ಬೇಕು ಎಂದರು. ಅಲ್ಲೇ ಮಾಡುವವರಿರಬೇಕಲ್ಲ ಅಂತ ಅಪ್ಪ ಕೇಳಿದ್ದಕ್ಕೆ, ಇದ್ದಾರೆ, ಆದರೆ ನಮ್ಮೂರ ಮುದುಕಿಯರಿಗೆ ಸಮುದ್ರದಾಚೆ, ಬುದ್ಧ ಓಡಾಡಿದ ದಡದಿಂದಲೇ ಬರಬೇಕು ಅಂತ ಆಸೆ ಎಂದರು. ಅವರಿಗೆ ಬಿಹಾರವೂ ನಾಗಮಂಗಲವೂ ಒಂದೇ ದಡ.

ಅಪ್ಪ ಒಪ್ಪಲಿಲ್ಲ. ಬುದ್ಧನ ಅಳತೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಳತೆ ತಪ್ಪಿದರೆ ಮಾಡಿದವರ ಮನೆಗೇ ಕೇಡು ಎನ್ನುವುದು ಅವರ ಭಯ. ಬುದ್ಧ ದೇವರಲ್ಲ, ಹೆದರಬೇಡಿ ಅಂತ ಭಿಕ್ಷು ನಿಧಾನವಾಗಿ ಬಿಡಿಸಿ ಹೇಳಿದರು. ಅಪ್ಪ ಇನ್ನಷ್ಟು ಹೆದರಿದರು.

"ದೇವ್ರಲ್ಲ ಅಂದ್ಮೇಲೆ ಅವ್ನಿಗೆ ಕಣ್ಣು ಯಾಕ್ ತೆರೀಬೇಕು ಬುದ್ಧಿ?" ಎಂದರು.

ಭಿಕ್ಷು ಮಜ್ಜಿಗೆ ಕುಡಿದಿಟ್ಟು, ತಮ್ಮೂರಲ್ಲಿ ಹೇಗೆ ಮಾಡುತ್ತಾರೆ ಅಂತ ಹೇಳಿದರು. ಕಣ್ಣು ಬರೆಯುವವನೊಬ್ಬನೇ ಒಳಗಿರುತ್ತಾನೆ. ಮೂರ್ತಿಯ ಮುಖ ನೋಡದೆ, ಕನ್ನಡಿ ನೋಡಿಕೊಂಡು ಬರೆಯುತ್ತಾನೆ. ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರೆತರುತ್ತಾರೆ. ಬಟ್ಟೆ ಬಿಚ್ಚಿದಾಗ ಅವನು ಮೊದಲು ನೋಡಿದ್ದು ಹಾಳಾಗಬೇಕು. ಅದಕ್ಕೆ ನೀರಿನ ಮಡಕೆ ಇಟ್ಟಿರುತ್ತಾರೆ, ಅವನು ಅದನ್ನು ಹೊಡೆದು ಒಡೆಯುತ್ತಾನೆ.

ಅಪ್ಪ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಸರಿದು ಕೂತರು. "ಅಂಗಾದ್ರೆ ಅಲ್ಲೂ ಹೆದರ್ತಾರೆ" ಎಂದರು.

"ಬಹಳ ಹೆದರುತ್ತಾರೆ" ಎಂದರು ಭಿಕ್ಷು.

ನನ್ನ ತರಗತಿಯಲ್ಲಿ ಬೌದ್ಧ ಧರ್ಮ ಹರಡಿದ್ದನ್ನು ನಕ್ಷೆಯ ಮೇಲೆ ಬಾಣದ ಗುರುತು ಹಾಕಿ ಹೇಳಿಕೊಡುತ್ತಿದ್ದೆ. ಸಿಂಹಳಕ್ಕೊಂದು, ಬರ್ಮಾಕ್ಕೊಂದು, ಟಿಬೆಟ್ಟು, ಚೀನಾ. ಚಕ್ರವರ್ತಿಯ ಮಗಳು ಬೋಧಿವೃಕ್ಷದ ಕೊಂಬೆ ತೆಗೆದುಕೊಂಡು ಹಡಗು ಹತ್ತಿದಳು ಅಂದರೆ ಮಕ್ಕಳು ಬರೆದುಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯಿತು. ಆ ಹಡಗಿನಲ್ಲಿ ಅವಳೊಬ್ಬಳೇ ಇರಲಿಲ್ಲ ಎಂದರು ಭಿಕ್ಷು. ಕಮ್ಮಾರರು, ಕುಂಬಾರರು, ನೇಕಾರರ ಮನೆತನಗಳೂ ಹೋದವಂತೆ, ಹಾಗೆಂದು ಅವರ ಕಡೆ ಹೇಳುತ್ತಾರೆ. ಗಿಡಕ್ಕೆ ನೀರು ಹಾಕುವವರು, ಕಟ್ಟೆ ಕಟ್ಟುವವರು ಬೇಕಿತ್ತಲ್ಲ. ಹೋದ ಧರ್ಮ ಅಲ್ಲಿನ ಊರದೇವರುಗಳನ್ನು ಓಡಿಸಲಿಲ್ಲವಂತೆ. ವಿಹಾರದ ಪಕ್ಕದಲ್ಲೇ ಅವಕ್ಕೂ ಗುಡಿ ಇದೆಯಂತೆ, ಮಗುವಿಗೆ ಜ್ವರ ಬಂದರೆ ತಾಯಂದಿರು ಮೊದಲು ಅಲ್ಲಿಗೇ ಓಡುತ್ತಾರಂತೆ. ಉಪದೇಶ ಭಿಕ್ಷುಗಳ ಜತೆ ಹೋಗಿರಬೇಕು, ಭಯ ಕೆಲಸದವರ ಜತೆ ಹೋಗಿರಬೇಕು ಅಂತ ನನಗನ್ನಿಸಿತು. ಬಾಣದ ಗುರುತಿನಲ್ಲಿ ಅದು ಕಾಣುತ್ತಿರಲಿಲ್ಲ.

ಅಪ್ಪ ಕೊನೆಗೆ ಒಪ್ಪಿಕೊಂಡರು. ಅಳತೆಯ ಚಿತ್ರಗಳನ್ನು ಭಿಕ್ಷು ತಂದುಕೊಟ್ಟರು, ಮೇಣದ ಮೂರ್ತಿ ಎರಡು ತಿಂಗಳಾಯಿತು. ಮೇಣಕ್ಕೆ ಬಳಿಯುವ ನುಣ್ಣನೆಯ ಮೆಕ್ಕಲು ಮಣ್ಣನ್ನು ಶ್ರೀರಂಗಪಟ್ಟಣದ ಹೊಳೆದಂಡೆಯಿಂದ ತಂದೆವು. ಮೊದಲ ಸಲ ಎರೆದಾಗ ಅಚ್ಚಿನೊಳಗೆ ಎಲ್ಲೋ ಪಸೆ ಉಳಿದಿತ್ತು. ಕಾದ ಲೋಹ ಬಿದ್ದದ್ದೇ ಅಚ್ಚು ಸಿಡಿಯಿತು. ಒಂದು ಹನಿ ಅಪ್ಪನ ಮೊಣಕೈ ಸುಟ್ಟಿತು, ಇನ್ನೊಂದು ನನ್ನ ಕನ್ನಡಕದ ಗಾಜಿಗೆ ಬಡಿದು ಅಲ್ಲೇ ಅಂಟಿಕೊಂಡಿತು. ಗಾಜು ಇಲ್ಲದಿದ್ದರೆ ಕಣ್ಣಿಗೇ ಬೀಳುತ್ತಿತ್ತು. ಅವ್ವ ಆ ಕನ್ನಡಕವನ್ನು ಕೈಯಲ್ಲಿ ಹಿಡಿದು, ಒಳಗೆ ಹೋಗಿ ದೇವರ ಮುಂದೆ ಕೂತರು. ನನಗೆ ಮೂರು ದಿನ ಊಟ ಸೇರಲಿಲ್ಲ. ಹಸಿ ಅಚ್ಚು ಸಿಡಿಯುತ್ತದೆ ಅಂತ ಗೊತ್ತಿದ್ದವಳೇ, ಆದರೂ ಕಣ್ಣಿಗೇ ಯಾಕೆ ಬಂತು ಅನ್ನುವುದನ್ನು ತಲೆಯಿಂದ ತೆಗೆಯುವುದಕ್ಕೆ ಆಗಲಿಲ್ಲ.

ಮೇಣದ ಮೂರ್ತಿಯನ್ನು ಮತ್ತೆ ಮೊದಲಿಂದ ಮಾಡಿದೆವು, ಎರಡನೇ ಎರಕ ಚೆನ್ನಾಗಿ ಬಂತು. ಉಜ್ಜಿ, ತಿದ್ದಿ, ಕಣ್ಣೊಂದು ಬಿಟ್ಟು ಎಲ್ಲ ಮುಗಿದ ಮೇಲೆ ಭಿಕ್ಷು ಇನ್ನೊಂದು ಮಾತು ಹೇಳಿದರು. ಅವರೂರಿನಲ್ಲಿ ಕಣ್ಣು ಬರೆಯುತ್ತಿದ್ದವರು ತೀರಿಕೊಂಡಿದ್ದರು, ಬೇರೆ ಯಾರೂ ಕಲಿತಿರಲಿಲ್ಲ, ಆದ್ದರಿಂದ ಇಲ್ಲೇ ಕಣ್ಣು ತೆರೆದು ಕಳಿಸಬೇಕು. ಅಪ್ಪನಿಗೆ ಎರಡೂ ಕಣ್ಣಲ್ಲಿ ಪೊರೆ. ಒಂದಕ್ಕೆ ಆಪರೇಷನ್ ಆಗಿತ್ತು, ಆದರೂ ಕನ್ನಡಿಯಲ್ಲಿ ಕೂದಲೆಳೆಯಷ್ಟು ಗೀರು ಎಳೆಯುವ ಶಕ್ತಿ ಉಳಿದಿರಲಿಲ್ಲ.

"ನೀನೇ ತೆರೀಬೇಕು ಕಣವ್ವ" ಎಂದರು ಅಪ್ಪ ನನಗೆ.

ಅವ್ವ ಅಡುಗೆಮನೆಯಿಂದ ಎದ್ದು ಬಂದರು. ಹೆಣ್ಣುಮಗಳು ಕಣ್ಣು ತೆರೆದದ್ದು ಈ ವಂಶದಲ್ಲೇ ಇಲ್ಲ ಎಂದರು. ಭಾವನ ಗತಿ ಕಂಡೂ ಮಗಳನ್ನು ಕೂರಿಸುತ್ತೀರಾ ಅಂತ ಅಪ್ಪನನ್ನು ಕೇಳಿದರು. ಭಿಕ್ಷುವಿಗೂ ಕೈ ಮುಗಿದು, ಹಾಗೇ ತೆಗೆದುಕೊಂಡು ಹೋಗಿ ಅಂತ ಬೇಡಿಕೊಂಡರು. ಭಿಕ್ಷು ತಲೆ ತಗ್ಗಿಸಿ, ಬಲವಂತ ಇಲ್ಲ ಎಂದರು. ನಾನು ಬೇಡ ಎಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಬೇಡ ಎನ್ನುವುದಕ್ಕೂ ಹೆದರಿಕೆಯಾಯಿತು. ಹೆದರಿ ಬಿಟ್ಟರೆ, ಆಮೇಲೆ ದೃಷ್ಟಿ ಹೋಗುತ್ತಾ ಬಂದಾಗ ದಿನವೂ ಅದನ್ನೇ ನೆನೆಸಿಕೊಂಡು ಕೂರಬೇಕಾಗುತ್ತದೆ ಅನ್ನಿಸಿತು. ಆಗಲಿ ಅಂದೆ. ಅವ್ವ ನನ್ನ ಜತೆ ಮಾತು ಬಿಟ್ಟರು.

ಎರಡು ವಾರ ಹಿತ್ತಾಳೆ ತಗಡಿನ ಮೇಲೆ, ಕನ್ನಡಿ ನೋಡಿಕೊಂಡು ವೃತ್ತ ಗೀರುವುದನ್ನು ರೂಢಿ ಮಾಡಿಕೊಂಡೆ. ಕನ್ನಡಿಯಲ್ಲಿ ಕೈ ಬಲಕ್ಕೆ ಹೋಗಬೇಕೆಂದರೆ ಎಡಕ್ಕೆ ಹೋಗುತ್ತದೆ. ಮೊದಲ ದಿನಗಳಲ್ಲಿ ಒಂದೂ ಸರಿಯಾಗಲಿಲ್ಲ.

ಗೊತ್ತುಮಾಡಿದ ದಿನ ಬೆಳಗ್ಗೆ ಒಂಬತ್ತು ದಾಟಿದ ಮೇಲೆ ಗಳಿಗೆ ಇತ್ತು. ಮಾಡಿನ ಸುತ್ತ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿ, ಒಂದು ಬಲ್ಬು ಹಾಕಿದ್ದರು. ಕನ್ನಡಿಯನ್ನು ಕಂಬಕ್ಕೆ ಮೊಳೆ ಹೊಡೆದು, ಹಗ್ಗದಲ್ಲೂ ಬಿಗಿದಿದ್ದರು ಅಪ್ಪ. ಹೊರಗೆ ಭಿಕ್ಷು ಪಾಲಿಯಲ್ಲಿ ಸೂತ್ರ ಹೇಳುತ್ತಿದ್ದರು, ಏರಿಳಿತವಿಲ್ಲದ ದನಿ. ಮೂರ್ತಿಗೆ ಹೆಗಲು ತಾಗಿಸಿ, ಕನ್ನಡಿಗೆ ಮುಖ ಮಾಡಿ ಪಕ್ಕಕ್ಕೆ ಕೂತೆ. ಎಡಗೈಯಲ್ಲಿ ಅದರ ಕೆನ್ನೆ ಹಿಡಿದೆ, ತಣ್ಣಗಿತ್ತು. ಬಲಗಣ್ಣು ಆಯಿತು. ಕನ್ನಡಿಯೊಳಗೆ ಅದು ನನ್ನ ಕಡೆ ನೋಡಿದಂತಾಯಿತು. ಬೆನ್ನು ಬೆವೆತು ರವಿಕೆ ಅಂಟಿಕೊಂಡಿತು.

ಎಡಗಣ್ಣಿಗೆ ಸೂಜಿ ಇಟ್ಟಾಗ ಮೂರ್ತಿಯ ತಲೆಯ ಸುತ್ತ ಒಂದು ಬಣ್ಣದ ಬಳೆ ಕಂಡಿತು. ಹೊರಗೆ ನಸುಗೆಂಪು, ಒಳಗೆ ನೀಲಿ, ಪ್ರಭಾವಳಿಯ ಹಾಗೆ. ಕಣ್ಣಿನ ಒತ್ತಡ ಏರಿದರೆ ಬೆಳಕಿನ ಸುತ್ತ ಬಳೆ ಕಾಣಬಹುದು ಅಂತ ಡಾಕ್ಟರು ಹೇಳಿದ್ದರು. ಬಲ್ಬು ಮೂರ್ತಿಯ ಹಿಂದೆಯೇ ಇತ್ತು. ಅದು ಬಲ್ಬಿನದೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಗಿಕೊಂಡು ಹೊರಗೆ ಓಡಿಬಿಡೋಣ ಅನ್ನಿಸಿತು. ಹಾಗೆ ಓಡುವಾಗ ತಿರುಗಿ ನೇರ ನೋಡಿಬಿಟ್ಟರೆ? ಆ ಒಂದು ಭಯವೇ ನನ್ನನ್ನು ಕೂತಲ್ಲಿ ಹಿಡಿದಿಟ್ಟಿತು. ಉಸಿರು ಬಿಟ್ಟು, ವೃತ್ತ ಮುಗಿಸಿದೆ. ಕೊನೆಯಲ್ಲಿ ಗೀರು ಒಂದು ಎಳೆ ಆಚೆ ಹೋಯಿತು.

ಕಣ್ಣು ಮುಚ್ಚಿಕೊಂಡು, ಆಯ್ತು ಅಂತ ಕೂಗಿದೆ. ಒಳಗೆ ಬಂದವರು ಅವ್ವ. ಟವಲು ಕಟ್ಟಿ, ತೋಳು ಹಿಡಿದು ಹಿತ್ತಲಿಗೆ ನಡೆಸಿದರು. ಟವಲು ಬಿಚ್ಚಿದಾಗ ಎದುರಿಗೆ ಕಲ್ಲಿನ ಮೇಲೆ ಮಡಕೆ. ದೊಣ್ಣೆಯಿಂದ ಹೊಡೆದೆ. ನೀರು ಕಾಲ ಮೇಲೆ ಸುರಿಯಿತು.

ಅಲ್ಲೇ ಒದ್ದೆ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ: ಡಾಕ್ಟರು, ಡ್ರಾಪ್ಸು, ಬಣ್ಣದ ಬಳೆ. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡರು. ಅಪ್ಪ ಬಂದು ಪಕ್ಕದಲ್ಲಿ ಕೂತರು.

"ಅಣ್ಣನೂ ದೀಪದ ಸುತ್ತ ಬಳೆ ಕಾಣ್ತದೆ ಅಂತಿದ್ದ" ಎಂದರು. "ಆ ಅಮ್ಮನ ಮೂರ್ತಿಗೂ ಒಂದು ವರ್ಸ ಮುಂಚೇನೇ."

ಯಾಕೆ ಇಷ್ಟು ವರ್ಷ ಹೇಳಲಿಲ್ಲ ಅಂತ ಕೇಳಿದೆ. ಆಗ ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ, ಅಮ್ಮನ ಮೇಲೆ ಹಾಕಿದರೆ ತಪ್ಪು ಯಾರದೂ ಅಲ್ಲ ಅಂತಾಗುತ್ತಿತ್ತು ಎಂದರು. ಹಾಗೆಂದು ಅಮ್ಮನ ನೋಟ ಸುಳ್ಳು ಅಂತಲೂ ಅವರು ಹೇಳಲಿಲ್ಲ.

ಭಿಕ್ಷು ಮೂರ್ತಿಯನ್ನು ಹತ್ತಿಯಲ್ಲಿ, ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತೆಗೆದುಕೊಂಡು ಹೋದರು. ಎಡಗಣ್ಣಿನ ಗೀರಿನ ವಿಷಯ ಅವರಿಗೆ ಹೇಳಿದ್ದೆ. ಅವರು ಹತ್ತಿರದಿಂದ ನೋಡಿ, ಹೌದು, ಇದೆ ಎಂದರು, ಅಷ್ಟೇ. ಅದಾದ ಮೇಲೆ ಅವ್ವನೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಒತ್ತಡ ಇಳಿದಿದೆ, ಆದರೆ ನರ ಸವೆಯುವುದು ನಿಂತಿದೆ ಅಂತ ಹೇಳುವ ಹಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರು ಓದಿ ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಭಿಕ್ಷು ತಮ್ಮೂರಿನಿಂದ ಫೋನು ಮಾಡಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು ಇದ್ದಾಳೆ, ವಿಹಾರದ ಗೋಡೆಯ ಮೇಲೆ ಬುದ್ಧನ ಚಿತ್ರ ಬರೆದು ಕಣ್ಣು ಮಾತ್ರ ಬಿಟ್ಟಿರುವವಳು, ಕಣ್ಣು ತೆರೆದದ್ದು ಹೆಂಗಸು ಅಂತ ಕೇಳಿ ಮಾತಾಡಬೇಕು ಅನ್ನುತ್ತಾಳೆ ಎಂದರು. ಕನ್ನಡಿ ಎಷ್ಟು ದೂರ ಇಟ್ಟೆ, ಕೈಗೆ ಯಾವ ಆಸರೆ ಕೊಟ್ಟೆ ಅಂತ ಅವಳು ಕೇಳಿದಳು. ಅವರು ಅವಳ ಮಾತನ್ನು ಕನ್ನಡಕ್ಕೆ, ನನ್ನ ಮಾತನ್ನು ಸಿಂಹಳಕ್ಕೆ ಮಾಡುತ್ತಾ ಹೋದರು. ಕೊನೆಗೆ ಅವಳು ಏನೋ ಮೆಲ್ಲಗೆ ಕೇಳಿದಳು. ಭಿಕ್ಷು, ಹೆದರಿಕೆ ಆಗಲಿಲ್ಲವಾ ಅಂತ ಕೇಳುತ್ತಿದ್ದಾಳೆ ಎಂದರು.

ಆಯಿತು, ಈಗಲೂ ಆಗುತ್ತದೆ ಅಂದೆ. ಆ ಕಡೆ ಅವಳು ಅದನ್ನು ತನ್ನ ಭಾಷೆಯಲ್ಲಿ ಕೇಳಿಸಿಕೊಂಡಳು. ಆಮೇಲೆ, ಮೊದಲು ಯಾವ ಕಣ್ಣು ತೆರೆಯಬೇಕು ಅಂತ ಕೇಳಿದಳು.