ಕಟ್ಟೆಯಿಂದ ಇಳಿಯದ ಕಥೆ

ಮೊನ್ನೆ ಆದೋನಿಯ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜ ನಶ್ಯದ ಡಬ್ಬಿ ತೆಗೆದ. ಸೀನಿದ್ದು ನಾನು, ನೆನಪಾದದ್ದು ನಮ್ಮ ಓಣಿಯ ಮಾಸ್ತರರು…

ನಾನು ಓಣಿಯವರೆಲ್ಲರ ಧ್ವನಿ ಕದ್ದು ಆಡುವವನು. ನನಗೆ ಸ್ವಂತದ್ದೊಂದು ಇದೆಯೋ ಇಲ್ಲವೋ ಎಂದು ಮನೆಯವರಿಗೇ ಅನುಮಾನ. ಮಾಸ್ತರರದ್ದು ಸುಲಭ: ಒಂದು ಚಿಟಿಕೆ ನಶ್ಯ, ಅರ್ಧ ಸೀನು, ಆಮೇಲೆ ನೀತಿ. ನಿವೃತ್ತರಾದ ಮೇಲೆ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಕಥೆ ಹೇಳುತ್ತಿದ್ದರು. ಪ್ರಿಯವಾದವು ಎರಡು. ಬೈಬಲ್ಲಿನದರಲ್ಲಿ, ಮನೆ ಬಿಟ್ಟು ಕೆಟ್ಟ ಮಗ ತಿರುಗಿ ಬರುವುದನ್ನು ದೂರದಿಂದಲೇ ಕಂಡ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಬೌದ್ಧರದರಲ್ಲಿ, ಅಲೆದು ಬಂದ ಮಗನಿಗೆ ಸಿರಿವಂತನಾದ ಅಪ್ಪನ ಗುರುತೇ ಇಲ್ಲ; ಹೆದರಿ ಓಡುತ್ತಾನೆ. ಅಪ್ಪನೇ ಹೊಲಸು ಬಟ್ಟೆ ತೊಟ್ಟು, ಅವನ ಜೊತೆ ಕಸ ಬಳಿಯುತ್ತ ಮೆಲ್ಲಗೆ ಹತ್ತಿರವಾಗುತ್ತಾನೆ.

"ಮಗ ಅಂದ್ರ ನಮ್ಮ ಮನಸು. ಮನಿ ಅಂದ್ರ ಅರಿವು. ಎಚ್ಚರಾಗೋದಂದ್ರ ಮನಿಗೆ ಬರೋದು. ಬರೇ ಅಪ್ಪ-ಮಗನ ಕಥಿ ಅನ್ಕೋಬ್ಯಾಡ್ರಿ, ದೃಷ್ಟಾಂತ ಅದು" ಎನ್ನುತ್ತಿದ್ದರು. ನಮಗೂ ಹೌದೆನಿಸುತ್ತಿತ್ತು.

ಒಂದು ಸಂಜೆ ಗೇಟಿನ ಹೊರಗೆ ಅವರ ಮಗಳು ನಿಂತಿದ್ದಳು. ಬೇರೆ ಜಾತಿಯವನನ್ನು ಮದುವೆಯಾಗಿ ಮಾಧವರಂ ಊರು ಸೇರಿದ್ದವಳು, ಕಂಕುಳಲ್ಲಿ ಕೂಸು. ಕಟ್ಟೆಯ ಮೇಲಿದ್ದವರೆಲ್ಲ ಮಾಸ್ತರರ ಕಡೆ ತಿರುಗಿದರು. ನನ್ನ ಬಾಯಿ ಸುಮ್ಮನಿರುತ್ತದೆಯೇ? ಅವರದೇ ಧ್ವನಿ ತೆಗೆದು ಅಂದೆ: "ಓಡ್ರಿ ಮಾಸ್ತರ, ಓಡ್ರಿ! ಕಥ್ಯಾಗಿನ ಅಪ್ಪ ಓಡಿದ್ನಲ್ರಿ!"

ಚಿಟಿಕೆ ಮೂಗಿಗೇರಿತು. "ದೃಷ್ಟಾಂತ ಅಂತ ಹೇಳೀನಲ್ಲೋ, ಕೋತಿ" ಎಂದವರೇ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. "ಅಪ್ಪಾ…" ಎಂದು ಆಕೆ ಒಮ್ಮೆ ಕರೆದಳು. ಕೊನೆಯ ಬಸ್ಸಿಗೆ ಹೊತ್ತಾಗುವವರೆಗೂ ನಿಂತಿದ್ದಳು.

ಮರುದಿನದಿಂದ ಮಾಸ್ತರರು ಓಡುವ ಅಪ್ಪನ ಕಥೆ ಬಿಟ್ಟರು. ಬೌದ್ಧರ ಕಾಯುವ ಅಪ್ಪನ ಕಥೆಯಷ್ಟೇ ಉಳಿಯಿತು. ಆ ಅಪ್ಪನಾದರೂ ಮಗನಿಗಾಗಿ ಕಸಕ್ಕಿಳಿದಿದ್ದ. ನಮ್ಮ ಮಾಸ್ತರರು ಕಟ್ಟೆಯಿಂದಲೂ ಇಳಿಯಲಿಲ್ಲ.

ಅವರು ಸತ್ತ ದಿನ ಗೇಟು ತೆರೆದಿತ್ತು. ಮಣ್ಣು ಮಾಡಿ ಬಂದ ಮೇಲೆ ಮಗಳು ನನ್ನನ್ನು ಬದಿಗೆ ಕರೆದಳು.

"ಎಲ್ಲಾರ ಧ್ವನಿ ತೆಗಿತೀಯಲ್ಲಪಾ. ಅಪ್ಪನ ಧ್ವನ್ಯಾಗ ಒಂದ್ಸಲ 'ಬಾರವ್ವ ಒಳಗ' ಅನ್ನು."

ಗಂಟಲು ಸರಿಮಾಡಿಕೊಂಡೆ. ಮೂಗು ಒತ್ತಿಕೊಂಡೆ… ಬರಲಿಲ್ಲ. ಕೇಳಿದ್ದನ್ನಷ್ಟೇ ಆಡಬಲ್ಲವನು ನಾನು.

"ಅಕ್ಕಾ, ಆ ಮಾತು ಅವ್ರ ಬಾಯಾಗ ನಾ ಕೇಳೇ ಇಲ್ಲ."

ಆಕೆ ತಲೆಯಾಡಿಸಿದಳು. ಆಗಲೇ ನಡೆಯುವಷ್ಟಾಗಿದ್ದ ಕೂಸಿನ ಕೈ ಹಿಡಿದು ಹೊರಟಳು.

ಈಗ ಆ ಕಟ್ಟೆ ಖಾಲಿ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಸೀನಿದ್ದೇ ತಡ, ಜೊತೆಗಿದ್ದ ಗೆಳೆಯರು "ಮಾಸ್ತರರದ್ದು ತೆಗಿಯಲೇ" ಎಂದು ಕಾಡಿದರು. ಅಜ್ಜನಿಂದ ಒಂದು ಚಿಟಿಕೆ ಬೇಡಿ ಏರಿಸಿ, "ದೃಷ್ಟಾಂತ ಅದು" ಎಂದೆ. ಎಲ್ಲರೂ ನಕ್ಕರು. ಅದೊಂದು ಮಾತ್ರ ತಪ್ಪಿಲ್ಲದೆ ಬರುತ್ತದೆ…